ಹಳೆ ಲ್ಯಾಪ್‌ಟಾಪಿಗೆ 1 ಟಿಬಿ ಹಾರ್ಡ್ ಡಿಸ್ಕ್: 7 ಮಿಮೀ ತಗೊಳ್ಳೋದಾ, 9.5 ಮಿಮೀ ತಗೊಳ್ಳೋದಾ?

ತುಂಗಾ ದಂಡೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. 2013ರ 15 ಇಂಚಿನ ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಹುಡುಕ್ತಾ ಇದೀನಿ. ಈಗ ಒಳಗಿರೋದು 500 ಜಿಬಿ, 5400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ದಪ್ಪ 9.5 ಮಿಮೀ. 8 ಜಿಬಿ ರ‍್ಯಾಮ್, ವಿಂಡೋಸ್ 10, ಡಿವಿಡಿ ಡ್ರೈವ್ ಇದೆ. ಆನ್ ಮಾಡಿದ ಮೇಲೆ ಕೆಲಸಕ್ಕೆ ಬರೋಕೆ ಆರೇಳು ನಿಮಿಷ ಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ (ಡಿಸ್ಕಿನ ಆರೋಗ್ಯ ತೋರಿಸೋ ಸಾಫ್ಟ್‌ವೇರ್) ಹಳದಿ ಬಣ್ಣ ಬಂದಿದೆ. 05ರ ಸಾಲಲ್ಲಿ 0, ಸಿ5ರ ಸಾಲಲ್ಲಿ 18.

ಇಡಬೇಕಾಗಿರೋದು ಬಯಲಾಟದ ವಿಡಿಯೋ, ತಾಳಮದ್ದಳೆಯ ಆಡಿಯೋ, ತೋಟದ ಫೋಟೋ. ಪೆನ್ ಡ್ರೈವು, ಫೋನು, ಈ ಡಿಸ್ಕು ಎಲ್ಲ ಸೇರಿ 640 ಜಿಬಿ ಆಗತ್ತೆ. ಅಷ್ಟು ದೊಡ್ಡ, ತಿರುಗೋ ತಟ್ಟೆ ಇಲ್ಲದ ಎಸ್‌ಎಸ್‌ಡಿಗೆ ದುಡ್ಡು ಹೊಂದಲ್ಲ, ಹಾಗಾಗಿ ತಿರುಗೋ ಡಿಸ್ಕೇ ಆಗಬೇಕು.

7 ಮಿಮೀ ಡಿಸ್ಕು 9.5ರ ಜಾಗದಲ್ಲಿ ಕೂರತ್ತಾ? 7200 ಆರ್‌ಪಿಎಂ ತಗೊಂಡ್ರೆ ಈ ನಿಧಾನ ಹೋಗತ್ತಾ? ಒಂದರಲ್ಲಿ ಕ್ಯಾಶ್ (ಡಿಸ್ಕಿನೊಳಗಿನ ತಾತ್ಕಾಲಿಕ ಮೆಮೊರಿ) 128 ಎಂಬಿ, ಇನ್ನೊಂದರಲ್ಲಿ 8 ಎಂಬಿ ಅಂತ ಬರೆದಿದ್ದಾರೆ. 128 ಇರೋದೇ ಒಳ್ಳೇದು ಅಲ್ವಾ? ಬ್ಯಾಟರಿ ಐದು ನಿಮಿಷ ನಿಂತ್ರೆ ಹೆಚ್ಚು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಅಂತ ನಿಮಗೆ ಗೊತ್ತೇ ಇದೆ.

ಸ್ಕ್ರೂ ಡಬ್ಬಿ, ಶಿವಮೊಗ್ಗ

ಹೊಸ ಡಿಸ್ಕಿನ ಮಾತು ಆಮೇಲೆ ಸರ್, ಮೊದಲು ಹಳೇದರಲ್ಲಿರೋದನ್ನ ಹೊರಗೆ ತೆಗೀರಿ. ಸಿ5 ಅಂದ್ರೆ ಡಿಸ್ಕಿಗೆ ಓದೋಕಾಗದೆ ಬಾಕಿ ಉಳಿದಿರೋ ಸಣ್ಣ ಸಣ್ಣ ಜಾಗಗಳ, ಅಂದ್ರೆ ಸೆಕ್ಟರ್‌ಗಳ ಲೆಕ್ಕ. ಆ ಸಾಫ್ಟ್‌ವೇರ್ ಅಂಕಿಗಳನ್ನ ಹದಿನಾರರ ಲೆಕ್ಕದಲ್ಲಿ ತೋರಿಸುತ್ತೆ, ಹಾಗಾಗಿ ನಿಮ್ಮ 18 ನಿಜವಾಗಿ 24 (16 + 8). ಮೇಲಿನ ಮೆನುವಲ್ಲಿ ಫಂಕ್ಷನ್, ಅಡ್ವಾನ್ಸ್‌ಡ್ ಫೀಚರ್, ರಾ ವ್ಯಾಲ್ಯೂಸ್ ಅಂತ ಹೋಗಿ 10 ಡೆಸಿಮಲ್ ಆರಿಸಿಕೊಂಡ್ರೆ ನಮ್ಮ ಲೆಕ್ಕದಲ್ಲೇ ಕಾಣುತ್ತೆ. ಇನ್ನೊಂದು ವಿಷಯ: ಸೀಗೇಟ್ ಡಿಸ್ಕುಗಳಲ್ಲಿ 01 ಮತ್ತು 07ರ ಸಾಲಲ್ಲಿ ಭಾರೀ ದೊಡ್ಡ ಸಂಖ್ಯೆ ಇರುತ್ತೆ. ಅವರು ಲೆಕ್ಕ ಬರೆಯೋ ಕ್ರಮವೇ ಹಾಗೆ, ಅದನ್ನ ನೋಡಿ ಹೆದರಬೇಡಿ. 05 (ಕೆಟ್ಟಿದ್ದಕ್ಕೆ ಬೇರೆ ಕಡೆಗೆ ಬದಲಿಸಿದ ಸೆಕ್ಟರ್), ಸಿ5, ಸಿ6 (ಡಿಸ್ಕು ತಾನೇ ಪರೀಕ್ಷೆ ಮಾಡಿದಾಗಲೂ ಓದೋಕಾಗದ ಸೆಕ್ಟರ್) ಈ ಮೂರು ಸೊನ್ನೆ ಇರಬೇಕು.

05 ಇನ್ನೂ 0 ಇದೆ ಅಂತ ಸಮಾಧಾನ ಮಾಡ್ಕೊಳ್ಳೋ ಹಾಗಿಲ್ಲ. ಕೆಟ್ಟ ಸೆಕ್ಟರ್ ಮೇಲೆ ಹೊಸದಾಗಿ ಬರೆಯೋ ಪ್ರಸಂಗ ಬಂದಾಗ ಮಾತ್ರ ಡಿಸ್ಕು ಅದನ್ನ ಪರೀಕ್ಷೆ ಮಾಡಿ, ನಿಜಕ್ಕೂ ಕೆಟ್ಟಿದ್ರೆ ಬೇರೆ ಕಡೆಗೆ ಬದಲಿಸುತ್ತೆ. ಆಗ ಸಿ5 ಇಳಿದು 05 ಏರುತ್ತೆ. ಈಗ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕನ್ನ ಮೂಲೆ ಮೂಲೆ ಕೆದಕುತ್ತೆ, ಹೆಡ್ (ತಟ್ಟೆ ಮೇಲೆ ಓದಿ ಬರೆಯೋ ತುದಿ) ಸೋತಿದ್ರೆ ಅಲ್ಲೇ ಪೂರ್ತಿ ನಿಂತೂ ಹೋಗಬಹುದು. ಮುಖ್ಯವಾದ ಫೋಲ್ಡರ್‌ಗಳನ್ನ ಇವತ್ತೇ ಹೊರಗಿನ ಡ್ರೈವಿಗೆ ಕಾಪಿ ಮಾಡಿ. ಕಾಪಿ ಮಧ್ಯ ಸಿಕ್ಕಿಹಾಕಿಕೊಂಡ್ರೆ ಲಿನಕ್ಸ್ ಪೆನ್ ಡ್ರೈವಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಕಾಪಿ ಸಾಫ್ಟ್‌ವೇರ್ ಬಳಸಿ. ಅದು ಮೊದಲ ಸುತ್ತಲ್ಲಿ ಚೆನ್ನಾಗಿರೋ ಜಾಗಗಳನ್ನೆಲ್ಲ ಬೇಗ ಎತ್ತಿಕೊಂಡು, ಹಟ ಮಾಡೋ ಸೆಕ್ಟರ್‌ಗಳನ್ನ ಕೊನೆಗೆ ಬಿಡುತ್ತೆ. ಎಲ್ಲಿವರೆಗೆ ಆಯ್ತು ಅನ್ನೋದನ್ನ ಮ್ಯಾಪ್ ಫೈಲಲ್ಲಿ ಬರೆದಿಡೋದರಿಂದ ಮಧ್ಯೆ ಕರೆಂಟ್ ಹೋದ್ರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲನ್ನ ಮಾತ್ರ ಬೇರೆ ಪೆನ್ ಡ್ರೈವಲ್ಲಿ ಇಡಿ.

ಇನ್ನು ದಪ್ಪ. ಲ್ಯಾಪ್‌ಟಾಪಿನ ಡಿಸ್ಕುಗಳು ಉದ್ದ ಅಗಲದಲ್ಲಿ ಒಂದೇ, ಸುಮಾರು 100 ಮಿಮೀಗೆ 70 ಮಿಮೀ. ವ್ಯತ್ಯಾಸ ಇರೋದು ದಪ್ಪದಲ್ಲಿ: 7, 9.5, 12.5, 15. ಇದರಲ್ಲಿ 15 ಮಿಮೀದನ್ನ ಮುಟ್ಟಲೇಬೇಡಿ. 3, 4, 5 ಟಿಬಿ ಅಂತ ಬರೋ 2.5 ಇಂಚಿನವೆಲ್ಲ ಆ ದಪ್ಪದವು, ಲ್ಯಾಪ್‌ಟಾಪ್ ಒಳಗೆ ಹೋಗಲ್ಲ. 7ರದ್ದು 9.5ರ ಜಾಗದಲ್ಲಿ ಆರಾಮಾಗಿ ಕೂರುತ್ತೆ. ಪಕ್ಕದ ಸ್ಕ್ರೂ ತೂತುಗಳನ್ನ ಎರಡರಲ್ಲೂ ತಳದಿಂದಲೇ ಅಳೆದು ಕೊರೆದಿರುತ್ತಾರೆ, ಮೇಲಿಂದ ಅಲ್ಲ. ಹಾಗಾಗಿ ಹಳೆ ಬ್ರ್ಯಾಕೆಟ್‌ಗೆ ಸ್ಕ್ರೂ ಹಾಕಿದ್ರೆ ಕನೆಕ್ಟರ್ ತಾನಾಗೇ ಸರಿಯಾದ ಎತ್ತರಕ್ಕೆ ಬರುತ್ತೆ, ಎರಡೂವರೆ ಮಿಮೀ ಸಂದು ಮೇಲ್ಗಡೆ ಉಳಿಯುತ್ತೆ. ಕೆಲವು ಲ್ಯಾಪ್‌ಟಾಪಲ್ಲಿ ಬ್ರ್ಯಾಕೆಟ್ ಇರಲ್ಲ, ಮುಚ್ಚಳವೇ ಡಿಸ್ಕನ್ನ ಒತ್ತಿ ಹಿಡಿದಿರುತ್ತೆ. ಅಂಥದ್ದರಲ್ಲಿ 2.5 ಮಿಮೀ ಪ್ಲಾಸ್ಟಿಕ್ ಚೌಕಟ್ಟು ಬೇಕೇ ಬೇಕು, ಇಲ್ಲಾಂದ್ರೆ ಅಲುಗಾಡಿ ಕನೆಕ್ಟರ್ ಸಡಿಲ ಆಗುತ್ತೆ. ಉಲ್ಟಾ ಮಾತ್ರ ಆಗಲ್ಲ; 7ರ ಜಾಗಕ್ಕೆ 9.5 ತುರುಕಿದ್ರೆ ಮುಚ್ಚಳ ಉಬ್ಬಿ ಡಿಸ್ಕಿನ ಮೇಲೆ ಒತ್ತಡ ಬೀಳುತ್ತೆ.

ಸ್ಕ್ರೂ ಎಂ3, ಉದ್ದ 3 ಮಿಮೀ. ಕೈಗೆ ಸಿಕ್ಕಿದ ಉದ್ದದ ಸ್ಕ್ರೂ ತಿರುಗಿಸಿದ್ರೆ ಒಳಗಿನ ಬೋರ್ಡಿಗೆ ತಾಗುತ್ತೆ.

7200ರ ಆಸೆ ಬಿಡಿ. ಬೇಕಾದ ಜಾಗ ಹೆಡ್ ಕೆಳಗೆ ಬರೋವರೆಗೆ ಸರಾಸರಿ 5400ರಲ್ಲಿ 5.6 ಮಿಲಿಸೆಕೆಂಡ್, 7200ರಲ್ಲಿ 4.2. ಹೆಡ್ ಆ ಟ್ರ್ಯಾಕಿಗೆ (ತಟ್ಟೆ ಮೇಲಿನ ವರ್ತುಲದ ಸಾಲು) ಸರಿಯೋಕೆ ಎರಡರಲ್ಲೂ 12ರ ಆಸುಪಾಸು ಬೇಕು. ಎರಡೂ ಕೂಡಿದ್ರೆ 5400ರ ಡಿಸ್ಕು ಸೆಕೆಂಡಿಗೆ 60ಕ್ಕಿಂತ ಕಮ್ಮಿ ಜಾಗಕ್ಕೆ ಹೋಗಿ ಬರುತ್ತೆ, 7200ರದ್ದು ಅದಕ್ಕಿಂತ ಸ್ವಲ್ಪ ಮೇಲೆ. ವಿಂಡೋಸ್ 10 ಶುರುವಾಗುವಾಗ ಕೇಳೋದು ಸಾವಿರಾರು ಸಣ್ಣ ಸಣ್ಣ ತುಂಡು. ನಿಮ್ಮ ಆರೇಳು ನಿಮಿಷ ಹೋಗೋದು ಅಲ್ಲೇ, ಜೊತೆಗೆ ಆ 24 ಸೆಕ್ಟರ್‌ಗಳನ್ನ ಮತ್ತೆ ಮತ್ತೆ ಓದೋ ಪ್ರಯತ್ನದಲ್ಲಿ. ಆರ್‌ಪಿಎಂ ಏರಿಸಿದ್ರೆ ಇದು ವಾಸಿ ಆಗಲ್ಲ, ಬಿಸಿ ಮಾತ್ರ ಜಾಸ್ತಿ.

ಹೆಂಚಿನ ಮಾಡು, ಹೊಸನಗರ

128 ಎಂಬಿ ಕ್ಯಾಶ್ ಇರುವುದೇ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಈ ಜಾತಿಯ ಡಿಸ್ಕಿನಲ್ಲಿ ಆ ಅಂಕಿ ಬೇರೆಯದೇ ಒಂದು ಸಂಗತಿಯ ಗುರುತು. ಅಂಗಡಿಯವರು ಇದನ್ನು ಹೇಳುವುದು ಕಡಿಮೆ, ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಳೆಯ 9.5 ಮಿಮೀ 1 ಟಿಬಿ ಡಿಸ್ಕಿನ ಒಳಗೆ 500 ಜಿಬಿಯ ಎರಡು ತಟ್ಟೆಗಳು. 7 ಮಿಮೀಗೆ ಇಳಿಸುವಾಗ ಒಂದೇ ತಟ್ಟೆಯಲ್ಲಿ ಇಡೀ 1 ಟಿಬಿ ತುಂಬಬೇಕಾಯಿತು. ಅದಕ್ಕೆ ಕಂಡುಕೊಂಡ ದಾರಿ ಎಸ್‌ಎಂಆರ್. ಬರೆಯುವ ಹೆಡ್ ಅಗಲ, ಓದುವ ಹೆಡ್ ಕಿರಿದು. ಓದಲು ಕಿರಿದಾದ ಪಟ್ಟಿ ಸಾಕಾಗುವುದರಿಂದ ಒಂದು ಟ್ರ್ಯಾಕಿನ ಅಂಚಿನ ಮೇಲೆಯೇ ಮುಂದಿನ ಟ್ರ್ಯಾಕನ್ನು ಬರೆದುಬಿಡುತ್ತಾರೆ. ನಮ್ಮ ಮನೆಗಳ ಹೆಂಚು ಹೊದೆಸಿದ ಹಾಗೆಯೇ: ಒಂದರ ತುದಿಯ ಮೇಲೆ ಇನ್ನೊಂದು. ಸೂರಂಚಿನಿಂದ ಮೇಲಕ್ಕೆ ಸಾಲಾಗಿ ಹೊದೆಸುತ್ತ ಹೋಗುವಾಗ ತೊಂದರೆಯೇ ಇಲ್ಲ. ನಡುವಿನ ಒಂದು ಹೆಂಚು ಬದಲಿಸಬೇಕೆಂದರೆ ಅದರ ಮೇಲೆ ಕೂತಿರುವವನ್ನು ಎತ್ತಬೇಕು. ಡಿಸ್ಕಿನಲ್ಲಿ ಒಂದು ಸಣ್ಣ ಫೈಲು ತಿದ್ದಿದರೂ ಹೀಗೆಯೇ, ಆ ಪಟ್ಟಿಯ ಉಳಿದ ಟ್ರ್ಯಾಕುಗಳನ್ನೆಲ್ಲ ಓದಿಕೊಂಡು ಮತ್ತೆ ಬರೆಯಬೇಕಾಗುತ್ತದೆ.

ಈ ಹೊರೆ ಕೂಡಲೇ ಕಾಣದಿರಲೆಂದು ತಟ್ಟೆಯ ಒಂದು ಭಾಗವನ್ನು ತಾತ್ಕಾಲಿಕ ಅಟ್ಟದಂತೆ ಇಟ್ಟಿರುತ್ತಾರೆ. ಚೂರುಪಾರು ಬರವಣಿಗೆ ಮೊದಲು ಅಲ್ಲಿ ಬೀಳುತ್ತದೆ. ನೀವು ಕೆಲಸ ನಿಲ್ಲಿಸಿದಾಗ ಡಿಸ್ಕು ಅದನ್ನು ಎತ್ತಿ ಸರಿಯಾದ ಜಾಗಕ್ಕೆ ಹಾಕುತ್ತದೆ. ದೊಡ್ಡ ಕ್ಯಾಶ್ ಕೊಟ್ಟಿರುವುದು ಈ ಎತ್ತಾಟ ನಿಭಾಯಿಸಲು. ಅಟ್ಟ ತುಂಬಿದ ಮೇಲೂ ಬರೆಯುತ್ತಲೇ ಇದ್ದರೆ 100 ಎಂಬಿ ವೇಗದಲ್ಲಿದ್ದದ್ದು ಸೆಕೆಂಡಿಗೆ ಕೆಲವೇ ಎಂಬಿಗೆ ಕುಸಿಯುತ್ತದೆ. ಡಿಸ್ಕು ಕೆಟ್ಟಿತೆಂದು ಜನ ವಾಪಸು ಕೊಡಲು ಹೋಗುವುದು ಇದೇ ಹೊತ್ತಿನಲ್ಲಿ.

5400 ಆರ್‌ಪಿಎಂ, 7 ಮಿಮೀ, 1 ಟಿಬಿ, ಕ್ಯಾಶ್ 128 ಎಂಬಿ ಇವು ಒಟ್ಟಿಗೆ ಕಂಡರೆ ಎಸ್‌ಎಂಆರ್ ಎಂದೇ ತಿಳಿಯಿರಿ. ವೆಸ್ಟರ್ನ್ ಡಿಜಿಟಲ್‌ನ ಡಬ್ಲ್ಯುಡಿ 10 ಎಸ್‌ಪಿಝಡ್‌ಎಕ್ಸ್, ಸೀಗೇಟಿನ ಎಸ್‌ಟಿ 1000 ಎಲ್‌ಎಂ 048, ತೋಷಿಬಾದ ಎಂಕ್ಯು 04 ಎಬಿಎಫ್ 100 ಮೂರೂ ಅದೇ. 8 ಎಂಬಿ ಕ್ಯಾಶಿನ 9.5 ಮಿಮೀ ಡಿಸ್ಕುಗಳು, ಉದಾಹರಣೆಗೆ ತೋಷಿಬಾ ಎಂಕ್ಯು 01 ಎಬಿಡಿ 100, ವೆಸ್ಟರ್ನ್ ಡಿಜಿಟಲ್‌ನ ಡಬ್ಲ್ಯುಡಿ 10 ಜೆಪಿವಿಎಕ್ಸ್, ಹಳೆಯ ಸಿಎಂಆರ್ ಪದ್ಧತಿಯವು. ಟ್ರ್ಯಾಕಿನ ಮೇಲೆ ಟ್ರ್ಯಾಕು ಬೀಳುವುದಿಲ್ಲ. ಯಾವ ಮಾದರಿ ಯಾವ ಪದ್ಧತಿ ಎಂದು ಕಂಪನಿಗಳು ಪಟ್ಟಿ ಕೊಟ್ಟದ್ದೇ 2020ರಲ್ಲಿ, ಅದೂ ಗಿರಾಕಿಗಳು ಗಲಾಟೆ ಮಾಡಿದ ಮೇಲೆ.

ಹಾಗೆಂದು ಎಸ್‌ಎಂಆರ್ ಬೇಡವೇ ಬೇಡ ಎನ್ನುವವನು ನಾನಲ್ಲ. ಒಂದು ಸಲ ತುಂಬಿ ಹಲವು ಸಲ ನೋಡುವ ಬಯಲಾಟದ ವಿಡಿಯೋಗೆ ಅದು ತಕ್ಕದ್ದೇ. ಅದರ ಮೇಲೆ ವಿಂಡೋಸ್ ಹಾಕಬೇಡಿ.

ತುಂಗಾ ದಂಡೆ, ತೀರ್ಥಹಳ್ಳಿ

ತುಂಬಾ ಉಪಕಾರ. ಮುಖ್ಯವಾದ ಫೋಲ್ಡರ್ ಕಾಪಿ ಹಾಕಿದೀನಿ, ನಡೀತಾ ಇದೆ. ಹಾಗಾದ್ರೆ ಎಂತ ಮಾಡೋದು? 9.5ರ ಹಳೆ ಮಾದರಿ ‘ಹೊಸದು, ಸೀಲ್ಡ್’ ಅಂತ ಮಾರಾಟಕ್ಕಿದೆ, ಅದನ್ನೇ ತಗೊಂಡು ವಿಂಡೋಸೂ ಅದರಲ್ಲೇ ಹಾಕ್ಲಾ?

ಸ್ಕ್ರೂ ಡಬ್ಬಿ, ಶಿವಮೊಗ್ಗ

ನಾನಾದ್ರೆ ಬೇಡ ಅಂತೀನಿ. ಆ ಮಾದರಿಗಳ ಕಾಲ ಮುಗಿದಿದೆ. ಈಗ ‘ಹೊಸದು’ ಅಂತ ಬರೋದ್ರಲ್ಲಿ ಬಹಳಷ್ಟು ಹಳೆ ಲ್ಯಾಪ್‌ಟಾಪಿಂದ ಬಿಚ್ಚಿ, ಓಡಿದ ಗಂಟೆಗಳ ಲೆಕ್ಕವನ್ನ ಸೊನ್ನೆ ಮಾಡಿ ಕವರ್ ಹಾಕಿರೋದು. ಕೈಗೆ ಬಂದ್ರೆ ಮೊದಲು ಕನೆಕ್ಟರಿನ ಬಂಗಾರದ ಬಣ್ಣದ ಪಟ್ಟಿಗಳನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದ್ಸಲ ಸಾಕೆಟ್‌ಗೆ ಹೋಗಿ ಬಂದಿದ್ರೂ ಉದ್ದಕ್ಕೆ ಸಣ್ಣ ಗೀರು ಬಿದ್ದಿರುತ್ತೆ. ಪಕ್ಕದ ಸ್ಕ್ರೂ ತೂತಿನ ಅಂಚಲ್ಲಿ ಬಣ್ಣ ಸವೆದು ಬೆಳ್ಳಗಾಗಿದ್ರೆ ಅದೂ ಗುರುತೇ. ಲೇಬಲಿನ ತಯಾರಿಕೆ ತಾರೀಕು ನೋಡಿ, ಸೀರಿಯಲ್ ನಂಬರನ್ನ ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ. ಲ್ಯಾಪ್‌ಟಾಪ್ ಕಂಪನಿಗಳಿಗೆ ಸಗಟಾಗಿ ಕೊಟ್ಟ ಡಿಸ್ಕಾದ್ರೆ ನಿಮಗೆ ವಾರಂಟಿ ಇಲ್ಲ ಅಂತ ಅಲ್ಲೇ ಬರುತ್ತೆ. ನೆಹರೂ ರಸ್ತೆ, ದುರ್ಗಿಗುಡಿ ಕಡೆ ಅಂಗಡಿಯಲ್ಲಿ ತಗೊಂಡ್ರೂ ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ನಿಮ್ಮಲ್ಲಿ ಡಿವಿಡಿ ಡ್ರೈವ್ ಇದೆಯಲ್ಲ, ದಾರಿ ಅಲ್ಲೇ ಇದೆ. ವಿಂಡೋಸ್‌ಗೆ 240 ಅಥವಾ 256 ಜಿಬಿಯ ಸಣ್ಣ ಸಾಟಾ ಎಸ್‌ಎಸ್‌ಡಿ. ವಿಡಿಯೋ, ಫೋಟೋಗೆ 7 ಮಿಮೀ 1 ಟಿಬಿ ಹಾರ್ಡ್ ಡಿಸ್ಕ್, ಅದನ್ನ ಡಿವಿಡಿ ಜಾಗದಲ್ಲಿ ಕೂರೋ ಕ್ಯಾಡಿ ಅನ್ನೋ ಚೌಕಟ್ಟಲ್ಲಿ ಹಾಕಿ. ಕ್ಯಾಡಿ ಎರಡು ದಪ್ಪದಲ್ಲಿ ಬರುತ್ತೆ, 12.7 ಮತ್ತು 9.5 ಮಿಮೀ. ಡಿವಿಡಿ ಡ್ರೈವನ್ನ ಹೊರಗೆ ಎಳೆದು ಅಳೆದೇ ತಗೊಳ್ಳಿ. ಲ್ಯಾಪ್‌ಟಾಪ್ ತಳದಲ್ಲಿ ಒಂದೇ ಒಂದು ಸ್ಕ್ರೂ ಅದನ್ನ ಹಿಡಿದಿರುತ್ತೆ, ಸಾಮಾನ್ಯವಾಗಿ ಪಕ್ಕದಲ್ಲಿ ಸಿಡಿ ಚಿತ್ರ ಇರುತ್ತೆ. ಡ್ರೈವಿನ ಹಿಂಭಾಗದಲ್ಲಿರೋ ಸಣ್ಣ ಲೋಹದ ತುಂಡನ್ನ ಬಿಚ್ಚಿ ಕ್ಯಾಡಿಗೆ ಹಾಕಿ, ಇಲ್ಲಾಂದ್ರೆ ಕ್ಯಾಡಿ ಹಿಡಿತಕ್ಕೆ ಬರಲ್ಲ. ಮುಂದಿನ ಪ್ಲಾಸ್ಟಿಕ್ ಪಟ್ಟಿ ತೆಗೆಯೋಕೆ ಸಣ್ಣ ತೂತಲ್ಲಿ ಸೂಜಿ ಚುಚ್ಚಿ ಟ್ರೇ ಹೊರಗೆ ಬರಿಸಿ, ಆಮೇಲೆ ಕೊಂಡಿಗಳನ್ನ ಒಂದೊಂದಾಗಿ ಒತ್ತಿ.

ಯಾವುದು ಎಲ್ಲಿ ಅನ್ನೋದು ಮುಖ್ಯ. ಎಸ್‌ಎಸ್‌ಡಿ ಮೂಲ ಜಾಗದಲ್ಲಿ, ಹಾರ್ಡ್ ಡಿಸ್ಕ್ ಕ್ಯಾಡಿಯಲ್ಲಿ. ಡಿವಿಡಿಯ ಸಾಟಾ ದಾರಿ ಕೆಲವು ಲ್ಯಾಪ್‌ಟಾಪಲ್ಲಿ ನಿಧಾನದ್ದು, ಕೆಲವು ಬಯೋಸ್ ಅಲ್ಲಿಂದ ಬೂಟ್ ಆಗೋದೂ ಇಲ್ಲ. ಆ ನಿಧಾನದ ದಾರಿಯೂ ಹಾರ್ಡ್ ಡಿಸ್ಕಿಗೆ ಧಾರಾಳ ಸಾಕು. ಕ್ಯಾಡಿಯಲ್ಲಿ ಡಿಸ್ಕು ಸ್ವಲ್ಪ ಅಲ್ಲಾಡೋ ಹಾಗಿರುತ್ತೆ, ಪಕ್ಕಕ್ಕೆ ತೆಳು ಫೋಮ್ ಪಟ್ಟಿ ಅಂಟಿಸಿ. ಡಿಸ್ಕಿನ ಮೇಲಿನ ಮುಚ್ಚಳದಲ್ಲಿ ಗಾಳಿಯಾಡೋ ಸಣ್ಣ ತೂತಿದ್ದು ಅದನ್ನ ಮುಚ್ಚಬೇಡಿ ಅಂತ ಬರೆದಿದ್ರೆ ಅದರ ಮೇಲೆ ಮಾತ್ರ ಏನೂ ಅಂಟಿಸಬಾರದು.

ಡಿಸ್ಕು ಬಂದ ದಿನವೇ ಪರೀಕ್ಷೆ: ‘ಕ್ವಿಕ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಅದು ಕೊನೆಯ ಸೆಕ್ಟರ್‌ವರೆಗೂ ಬರೆಯುತ್ತೆ, 1 ಟಿಬಿಗೆ ಮೂರು ಗಂಟೆ ಹತ್ತಿರ. ಮುಗಿದ ಮೇಲೆ 05, ಸಿ5, ಸಿ6 ಸೊನ್ನೆ ಇಲ್ಲದಿದ್ರೆ ವಾಪಸ್ ಕೊಡಿ, ಎರಡನೇ ಯೋಚನೆ ಬೇಡ. ಪರದೆಯಲ್ಲಿ 931 ಜಿಬಿ ಅಂತ ಬರೋದು ಸರಿಯಾಗೇ ಇದೆ, ಲೆಕ್ಕ ಹಾಕೋ ಕ್ರಮ ಬೇರೆ ಅಷ್ಟೆ.

ಘಟ್ಟದ ಮೇಲೆ, ಆಗುಂಬೆ

ಕರೆಂಟು ಮತ್ತು ಮಳೆಗಾಲದ ವಿಷಯ ಯಾರೂ ಎತ್ತಲಿಲ್ಲ. ಮಾರಾಯ್ರೆ, ಆ ಬ್ಯಾಟರಿ ಮೊದಲು ಬದಲಾಯಿಸಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಂದ್ರೆ ಕರೆಂಟ್ ಹೋದ ಕ್ಷಣಕ್ಕೆ ತಟ್ಟೆ ತಿರುಗ್ತಿರುವಾಗಲೇ ವಿದ್ಯುತ್ ಕಡಿದ ಹಾಗೆ. ತಟ್ಟೆ ಇನ್ನೂ ತಿರುಗೋ ವೇಗದಿಂದಲೇ ಸ್ವಲ್ಪ ಶಕ್ತಿ ತೆಗೆದು ಹೆಡ್ಡನ್ನ ಗಡಿಬಿಡಿಯಲ್ಲಿ ಹೊರಗೆ ಎಳ್ಕೊಳ್ಳತ್ತೆ. ಪ್ರತೀ ಸಲ ಸಿ0 ಸಾಲಲ್ಲಿ ಒಂದು ಲೆಕ್ಕ ಏರತ್ತೆ. ಹೆಡ್ ಬಚಾವಾದ್ರೂ ಕ್ಯಾಶಲ್ಲಿದ್ದು ತಟ್ಟೆಗೆ ಬೀಳದ ಬರವಣಿಗೆ ಹೋಯ್ತು. ಅರ್ಧಕ್ಕೆ ನಿಂತ ಸೆಕ್ಟರ್ ಆಮೇಲೆ ಓದೋಕೆ ಬರದೆ ಸಿ5ಗೆ ಸೇರಬಹುದು. ನಿಮ್ಮ 24ರಲ್ಲಿ ಎಷ್ಟೋ ಹೀಗೇ ಬಂದಿರಬಹುದು, ಸಿ0 ಅಂಕಿ ಒಮ್ಮೆ ನೋಡಿ. ಎಸ್‌ಎಂಆರ್ ಡಿಸ್ಕು ಸುಮ್ಮನಿದ್ದ ಹಾಗೆ ಕಂಡಾಗಲೂ ಒಳಗೆ ಬರೀತಾ ಇರತ್ತಲ್ಲ, ಅದಕ್ಕಂತೂ ಒಳ್ಳೆ ಬ್ಯಾಟರಿ ಬೇಕೇ ಬೇಕು. ದೊಡ್ಡ ಕಾಪಿ ಮುಗಿದ ತಕ್ಷಣ ಮುಚ್ಚಬೇಡಿ, ಅರ್ಧ ಗಂಟೆ ಹಾಗೇ ಆನ್ ಇಡಿ.

ಸ್ಟೆಬಿಲೈಸರ್ ಬೇಡ, ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡ್ಕೊಳ್ಳತ್ತೆ. ಆದ್ರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್ನೆಟ್ ಕೇಬಲ್ ಹಾಕಿದ್ರೆ ಅದನ್ನೂ. ಸಿಡಿಲು ಎಷ್ಟೋ ಸಲ ಅದೇ ತಂತಿಯಲ್ಲಿ ಬರೋದು.

ಥಂಡಿ ಬಗ್ಗೆ: ಓಡ್ತಿರೋ ಡಿಸ್ಕಿಗೆ ನಮ್ಮ ಮಳೆಗಾಲದ ಗಾಳಿಯಿಂದ ಭಯ ಇಲ್ಲ, ತನ್ನ ಬಿಸಿಯಲ್ಲೇ ಒಣಗಿರತ್ತೆ. ಕಷ್ಟ ಇರೋದು ಬೀರುವಲ್ಲಿ ಇಟ್ಟು ಮರೆತ ಡಿಸ್ಕಿಗೆ. ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಷ್ಟು ಹಿಡಿಯೋ ಊರಲ್ಲಿ ಡಿಸ್ಕಿನ ತಳದ ಬೋರ್ಡು, ಕನೆಕ್ಟರಿನ ಪಟ್ಟಿ ಮಂಕಾಗತ್ತೆ. ಸಂಪರ್ಕ ಸರಿಯಾಗದೆ ಸಿ7 ಅಂಕಿ ಏರಿದ್ರೆ ಅದು ತಟ್ಟೆಯ ದೋಷ ಅಲ್ಲ, ಕನೆಕ್ಟರಿದ್ದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಹಾಕಿದ್ರೆ ಅಂಕಿ ಅಲ್ಲಿಗೇ ನಿಲ್ಲತ್ತೆ, ಹಿಂದಕ್ಕೆ ಮಾತ್ರ ಹೋಗಲ್ಲ. ಬ್ಯಾಕಪ್ ಡಿಸ್ಕನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತಿಂಗಳಿಗೊಮ್ಮೆ ಹೊರಗೆ ತೆಗೆದು ಓಡಿಸಿ. ನೆನೆದ ಡಿಸ್ಕನ್ನ ಬಚ್ಚಲೊಲೆ ಹತ್ತಿರವೋ ಅಡಿಕೆ ಒಣಗಿಸೋ ಅಟ್ಟದಲ್ಲೋ ಇಟ್ಟು ಒಣಗಿಸಬೇಡಿ. ಹೊಗೆ ಮಸಿ ಆ ಉಸಿರಾಟದ ತೂತಿನ ಫಿಲ್ಟರಿಗೇ ಹೋಗಿ ಕೂರತ್ತೆ. ಎಸಿ ಕಾರಿಂದ ಇಳಿಸಿದ ಲ್ಯಾಪ್‌ಟಾಪನ್ನೂ ಚೀಲದಲ್ಲೇ ಒಂದೆರಡು ಗಂಟೆ ಬಿಟ್ಟು ಆನ್ ಮಾಡಿ. ತಣ್ಣಗಿನ ಲೋಹದ ಮೇಲೆ ಹನಿ ಕಟ್ಟತ್ತೆ.

ಬಸ್ಸಲ್ಲಿ ಒಯ್ಯೋದಾದ್ರೆ ಪರದೆ ಮಡಚಿ ಹೊರಟುಬಿಡಬೇಡಿ. ಶಟ್‌ಡೌನ್ ಕೊಟ್ಟು, ತಿರುಗೋ ಸದ್ದು ನಿಂತ ಮೇಲೆ ಚೀಲಕ್ಕೆ ಹಾಕಿ. ಹೆಡ್ ಹೊರಗೆ ನಿಂತ ಡಿಸ್ಕು, ಓಡ್ತಿರೋದಕ್ಕಿಂತ ಎರಡೂವರೆ ಪಟ್ಟು ಪೆಟ್ಟು ತಡ್ಕೊಳ್ಳತ್ತೆ: ಕಂಪನಿ ಲೆಕ್ಕದಲ್ಲಿ 1000 ಜಿ (ಭೂಮಿಯ ಗುರುತ್ವದ 1000 ಪಟ್ಟು), ಓಡ್ತಿರುವಾಗ 400. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಸ್ಲೀಪಿಂದ ಎದ್ದು ಓಡ್ತಾ ಇರಬಾರದು ಅಷ್ಟೇ.

ತುಂಗಾ ದಂಡೆ, ತೀರ್ಥಹಳ್ಳಿ

ಸಿ0ರಲ್ಲಿ 1,100 ಚಿಲ್ಲರೆ ಇದೆ! ಬ್ಯಾಟರಿ ಆರ್ಡರ್ ಮಾಡ್ದೆ. ಕ್ಯಾಡಿ 12.7 ಬೇಕು, ಅಳೆದಾಯ್ತು. ಫೋಲ್ಡರ್ ಕಾಪಿ ಮುಗೀತು, ಈಗ ಇನ್ನೊಂದು ಗಾಬರಿ. ಹಳೆ ಡಿಸ್ಕನ್ನ ಬಿಚ್ಚಿ ಯುಎಸ್‌ಬಿ ಕೇಸಲ್ಲಿ ಹಾಕಿದ್ರೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಲ್ಲತ್ತೆ, ಮತ್ತೆ ಶುರು ಆಗತ್ತೆ. ಲ್ಯಾಪ್‌ಟಾಪ್ ಒಳಗಿದ್ದಾಗ ಈ ಸದ್ದು ಇರಲಿಲ್ಲ. ಹೆಡ್ ಹೋಯ್ತಾ?

ಸ್ಕ್ರೂ ಡಬ್ಬಿ, ಶಿವಮೊಗ್ಗ

ಕೂಡಲೇ ಕಿತ್ತಿಡಿ, ಮತ್ತೆ ಮತ್ತೆ ಹಚ್ಚಿ ನೋಡಬೇಡಿ. ಒಳಗೆ ಸದ್ದಿಲ್ಲದೆ ಹೊರಗೆ ಮಾತ್ರ ಇದ್ರೆ ಹೆಚ್ಚಾಗಿ ವಿದ್ಯುತ್ ಸಾಲ್ತಿಲ್ಲ ಅಂತ ಅರ್ಥ. ತಟ್ಟೆ ನಿಂತಲ್ಲಿಂದ ವೇಗಕ್ಕೆ ಬರೋವಾಗ 5 ವೋಲ್ಟಲ್ಲಿ 1 ಆಂಪಿಯರ್‌ವರೆಗೆ ಎಳೆಯುತ್ತೆ. ಯುಎಸ್‌ಬಿ 2 ಕೊಡಬೇಕಾದ್ದು 0.5, ನೀಲಿ ಬಣ್ಣದ ಯುಎಸ್‌ಬಿ 3 ಕೊಡೋದು 0.9. ಸಾಲದೆ ವೇಗ ಕುಸಿದಾಗ ಹೆಡ್ ವಾಪಸ್ ಹೋಗುತ್ತೆ, ಆ ಟಿಕ್ ಅದೇ. ಉದ್ದನೆ ತೆಳು ಕೇಬಲ್ ಆದ್ರೆ ದಾರಿಯಲ್ಲೇ ಇನ್ನಷ್ಟು ವೋಲ್ಟೇಜ್ ಇಳಿಯುತ್ತೆ.

ಅರ್ಧ ಮೀಟರಿಗಿಂತ ಗಿಡ್ಡನೆ ದಪ್ಪ ಕೇಬಲ್ ಹಾಕಿ, ನೀಲಿ ಪೋರ್ಟಿಗೆ ಕೊಡಿ. ನಿಮ್ಮ ಕೇಸು ಯುಎಸ್‌ಬಿ 2ರದ್ದಾದ್ರೆ ಎರಡು ಬಾಲದ ವೈ ಕೇಬಲ್ ಸಿಗುತ್ತೆ, ಎರಡನೇ ಬಾಲವನ್ನ ಇನ್ನೊಂದು ಪೋರ್ಟಿಗೆ ಚುಚ್ಚಿ. ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿದೆ: ಹಳೇ ಡಿಸ್ಕನ್ನ ಲ್ಯಾಪ್‌ಟಾಪ್ ಒಳಗೇ ವಾಪಸ್ ಕೂರಿಸಿ, ಹೊಸ ಡಿಸ್ಕನ್ನ ಕೇಸಲ್ಲಿ ಹಾಕಿ, ಲಿನಕ್ಸ್ ಪೆನ್ ಡ್ರೈವಿಂದ ಬೂಟ್ ಆಗಿ ಡಿಡಿರೆಸ್ಕ್ಯೂ ಓಡಿಸಿ. ಬಡಕಲು ಡಿಸ್ಕಿಗೆ ಒಳಗಿನ ಗಟ್ಟಿ ವಿದ್ಯುತ್ತೇ ಬೇಕು. ಕಮಾಂಡಲ್ಲಿ ಮೊದಲು ಬರೆಯೋದು ಎಲ್ಲಿಂದ, ಆಮೇಲೆ ಎಲ್ಲಿಗೆ. 500 ಜಿಬಿ ಯಾವುದು, 1 ಟಿಬಿ ಯಾವುದು ಅಂತ ಪಟ್ಟಿ ನೋಡಿ ಕಾಗದದಲ್ಲಿ ಬರೆದಿಟ್ಟುಕೊಂಡು ಎಂಟರ್ ಒತ್ತಿ. ಅದಲು ಬದಲಾದ್ರೆ ಖಾಲಿ ಡಿಸ್ಕು ನಿಮ್ಮ ಬಯಲಾಟದ ಮೇಲೆ ಬರೆದುಬಿಡುತ್ತೆ. ಬ್ಯಾಟರಿ ಬಂದ ಮೇಲೇ ಶುರು ಮಾಡಿ.